ದುಡ್ಡು ಕೊಟ್ಟು ಕೊಂಡ ಹಾಡನ್ನು ಗೆಳೆಯರಿಗೆ ಕೊಡಬಹುದೇ?

2006ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಕಂಪನಿ ಅಮೆರಿಕದಲ್ಲಿ ಝೂನ್ ಎಂಬ ಮ್ಯೂಸಿಕ್ ಪ್ಲೇಯರ್ ಬಿಡುಗಡೆ ಮಾಡಿತು. ಆಪಲ್‌ನ ಐಪಾಡ್‌ಗೆ ಸೆಡ್ಡು ಹೊಡೆಯಲು ಬಂದ ಈ ಯಂತ್ರದ ದೊಡ್ಡ ಆಕರ್ಷಣೆ ವೈ-ಫೈ. ಪಕ್ಕದಲ್ಲಿ ಕೂತ ಗೆಳೆಯನ ಕೈಯಲ್ಲೂ ಝೂನ್ ಇದ್ದರೆ ತಂತಿಯ ಗೊಡವೆಯಿಲ್ಲದೆ ಅವನಿಗೆ ಹಾಡು ಕಳಿಸಬಹುದಿತ್ತು. ಆದರೆ ಅದಕ್ಕೊಂದು ಷರತ್ತು. ಹಾಗೆ ಬಂದ ಹಾಡನ್ನು ಗೆಳೆಯ ಮೂರು ಸಲ ಕೇಳಬಹುದು ಅಥವಾ ಮೂರು ದಿನ ಇಟ್ಟುಕೊಳ್ಳಬಹುದು. ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ಹಾಡು ಬಂದ್. ಕಳಿಸುವವನು ತಾನೇ ಹಾಡಿ ರೆಕಾರ್ಡ್ ಮಾಡಿದ ಹಾಡಿಗೂ ಇದೇ ನಿಯಮ! ಮರುವರ್ಷ ಮೂರು ದಿನದ ಗಡುವನ್ನು ತೆಗೆದರು, ಮೂರು ಸಲದ ಮಿತಿ ಹಾಗೇ ಉಳಿಯಿತು.

ಹಾಡಿನ ಬೆಲೆ ತೆತ್ತ ಮೇಲೂ ಅದನ್ನು ಎಲ್ಲಿ ಕೇಳಬೇಕು, ಯಾರಿಗೆ ಕೊಡಬೇಕು, ಎಷ್ಟು ದಿನ ಇಟ್ಟುಕೊಳ್ಳಬೇಕು ಎಂಬುದನ್ನು ಮಾರಿದವರೇ ತೀರ್ಮಾನಿಸುವ ಈ ತಂತ್ರಕ್ಕೆ ಡಿಜಿಟಲ್ ರೈಟ್ಸ್ ಮ್ಯಾನೇಜ್‌ಮೆಂಟ್, ಚಿಕ್ಕದಾಗಿ ಡಿಆರ್‌ಎಂ ಎಂದು ಹೆಸರು. ಝೂನ್ ಮೂಲೆ ಸೇರಿ ವರ್ಷಗಳೇ ಆದವು, ಡಿಆರ್‌ಎಂ ಮಾತ್ರ ಚಲಾವಣೆಯಲ್ಲಿದೆ. ತಿಂಗಳ ಚಂದಾ ಕಟ್ಟಿ ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿಟ್ಟ ಹಾಡನ್ನು ವಾಟ್ಸ್‌ಆ್ಯಪ್‌ನಲ್ಲಿ ಗೆಳತಿಗೆ ಕಳಿಸಲು ಹೊರಟವರು ಫೋನೆಲ್ಲ ಹುಡುಕಿದರೂ ಹಾಡಿನ ಫೈಲ್ ಸಿಗದಿರುವುದಕ್ಕೂ ಇದೇ ಕಾರಣ.

ಕೊಂಡ ಹಾಡನ್ನು ಹಂಚಬಹುದೇ ಎಂದು ಕೇಳಿದರೆ ಉತ್ತರ ಮೂರು ಕಡೆಯಿಂದ ಬರುತ್ತದೆ: ಫೈಲಿಗೆ ಬೀಗ ಹಾಕಿದ್ದಾರೆಯೇ, ಮಾರಿದ ಅಂಗಡಿಯ ಷರತ್ತು ಏನು, ದೇಶದ ಕಾನೂನು ಏನು. ಮೂರೂ ಒಂದೇ ಮಾತು ಹೇಳಬೇಕೆಂದಿಲ್ಲ. ಬೀಗವಿಲ್ಲದ ಫೈಲನ್ನು ಹಂಚಲು ಅನುಮತಿ ಇಲ್ಲದಿರಬಹುದು. ಬೀಗ ಹಾಕಿದ ಸೇವೆಯಲ್ಲೇ ಹಂಚಿಕೊಳ್ಳಲು ಅಧಿಕೃತ ದಾರಿ ಇರಬಹುದು. ಹಾಗಾಗಿ ಒಂದೊಂದನ್ನೂ ಬಿಡಿಬಿಡಿಯಾಗಿ ನೋಡುವುದು ಒಳ್ಳೆಯದು.

ಬೀಗ ಬಂದದ್ದು ಹೀಗೆ

ಕ್ಯಾಸೆಟ್ ಕಾಲದಲ್ಲಿ ಬೇಕಾದ ಹಾಡುಗಳ ಪಟ್ಟಿ ಬರೆದು, ಜೊತೆಗೊಂದು ಖಾಲಿ ಕ್ಯಾಸೆಟ್ ಕೊಟ್ಟು ಬಂದರೆ ಎರಡೂ ಬದಿ ತುಂಬಿಸಿ ಕೊಡುವ ಅಂಗಡಿಗಳು ಕರ್ನಾಟಕದ ಊರೂರಲ್ಲಿ ಇದ್ದವು. ಕಾನೂನಿನ ಕಣ್ಣಿಗೆ ಆಗಲೂ ಅದು ತಪ್ಪೇ. ಆದರೆ ಪ್ರತಿಯಿಂದ ಪ್ರತಿ ಮಾಡಿದಂತೆಲ್ಲ ದನಿ ಮಂಕಾಗುತ್ತಿತ್ತು, ಗುಯ್ ಎನ್ನುವ ಸದ್ದು ಏರುತ್ತಿತ್ತು. ಹಂಚಿಕೆಗೆ ತಾನಾಗಿಯೇ ಒಂದು ಮಿತಿ ಇತ್ತು. ಡಿಜಿಟಲ್ ಫೈಲಿಗೆ ಆ ಮಿತಿಯಿಲ್ಲ, ಸಾವಿರದ ಪ್ರತಿಯೂ ಮೊದಲನೆಯದರಷ್ಟೇ ಸ್ಪಷ್ಟ. 1999ರಲ್ಲಿ ಅಮೆರಿಕದಲ್ಲಿ ಶುರುವಾದ ನ್ಯಾಪ್‌ಸ್ಟರ್ ತಂತ್ರಾಂಶ ಗುರುತು ಪರಿಚಯವಿಲ್ಲದವರನ್ನೂ ಹಾಡು ಹಂಚಿಕೊಳ್ಳುವ ಗೆಳೆಯರನ್ನಾಗಿ ಮಾಡಿದಾಗ ಧ್ವನಿಮುದ್ರಣ ಕಂಪನಿಗಳ ನಿದ್ದೆ ಹಾರಿತು. 2001ರ ಜುಲೈ ಹೊತ್ತಿಗೆ ನ್ಯಾಯಾಲಯದ ಮೂಲಕ ಅದನ್ನು ನಿಲ್ಲಿಸಿದ್ದಾಯಿತು. ಆ ಬಳಿಕ ಕಂಪನಿಗಳು ಒಂದು ಪಟ್ಟು ಹಿಡಿದವು: ಅಂತರ್ಜಾಲದಲ್ಲಿ ಹಾಡು ಮಾರಬೇಕೆಂದರೆ ಬೀಗ ಹಾಕಿಯೇ ಮಾರಬೇಕು.

ಈ ಪಟ್ಟಿಗೆ ಒಪ್ಪಿ ಗೆದ್ದದ್ದು ಆಪಲ್. 2003ರ ಏಪ್ರಿಲ್ 28ರಂದು ಐಟ್ಯೂನ್ಸ್ ಮಳಿಗೆ 2 ಲಕ್ಷ ಹಾಡುಗಳೊಂದಿಗೆ ತೆರೆಯಿತು. ಒಂದು ಹಾಡಿಗೆ 99 ಸೆಂಟ್. ಮೊದಲ ವಾರದಲ್ಲೇ 10 ಲಕ್ಷ ಹಾಡುಗಳು ಖರ್ಚಾದವು. ಅದರ ಬೀಗದ ಹೆಸರು ಫೇರ್‌ಪ್ಲೇ.

ಫೇರ್‌ಪ್ಲೇ ಕೆಲಸ ಮಾಡುವ ಬಗೆ ತಿಳಿದರೆ ಉಳಿದ ಬೀಗಗಳೂ ಅರ್ಥವಾಗುತ್ತವೆ. ಹಾಡಿನ ಫೈಲನ್ನು ಗೂಢಲಿಪಿಗೆ ತಿರುಗಿಸಿರುತ್ತಾರೆ, ಒಂದು ಕೀ ಇಲ್ಲದೆ ಅದು ಬರೀ ಗೊಂದಲದ ಅಂಕಿಗಳು. ಆ ಕೀ ಫೈಲಿನ ಒಳಗೇ ಇರುತ್ತದೆ, ಆದರೆ ಅದಕ್ಕೂ ಬೀಗ. ಅದನ್ನು ತೆರೆಯುವ ಎರಡನೇ ಕೀ ಗ್ರಾಹಕನ ಖಾತೆಗೆ ಸೇರಿದ್ದು, ಆಪಲ್‌ನ ಸರ್ವರ್‌ನಲ್ಲಿ ಇರುತ್ತದೆ. ಕಂಪ್ಯೂಟರೊಂದನ್ನು ಖಾತೆಗೆ ನೋಂದಾಯಿಸಿದಾಗ ಮಾತ್ರ ಆ ಕೀಗಳ ಪ್ರತಿ ಅಲ್ಲಿಗೆ ಬರುತ್ತದೆ. ಹೀಗಾಗಿ ಎಂ4ಪಿ ಎಂದು ಕೊನೆಯಾಗುವ ಆ ಫೈಲನ್ನು ಗೆಳೆಯನಿಗೆ ಇಮೇಲ್ ಮಾಡಲು, ಸಿಡಿಯಲ್ಲಿ ಹಾಕಿ ಕೊಡಲು ಯಾರ ತಡೆಯೂ ಇರಲಿಲ್ಲ. ಫೈಲ್ ಹೋಗುತ್ತಿತ್ತು, ಹಾಡು ಹೋಗುತ್ತಿರಲಿಲ್ಲ. ಗೆಳೆಯ ಅದನ್ನು ಒತ್ತಿದರೆ ಖಾತೆಯ ಹೆಸರು, ಪಾಸ್‌ವರ್ಡ್ ಕೇಳುತ್ತಿತ್ತು. ಮೊದಲಿಗೆ ಒಂದು ಖಾತೆಗೆ 3 ಕಂಪ್ಯೂಟರ್, 2004ರಿಂದ 5. ಒಂದೇ ಹಾಡುಪಟ್ಟಿಯನ್ನು ಸಿಡಿಗೆ ಇಳಿಸಲು ಮೊದಲು 10 ಸಲ, ಆಮೇಲೆ 7 ಸಲ ಅವಕಾಶ. ಐಪಾಡ್‌ಗಳು ಎಷ್ಟಿದ್ದರೂ ಸರಿ.

ಭಾರತದ ಬಹುಪಾಲು ಜನರಿಗೆ ಬೀಗದ ಪರಿಚಯ ಆದದ್ದು ಕಂಪ್ಯೂಟರಿನಿಂದಲ್ಲ, ಕೀಪ್ಯಾಡ್ ಫೋನಿನಿಂದ. ಮೊಬೈಲ್ ಕಂಪನಿಗಳ ಒಕ್ಕೂಟವಾದ ಓಪನ್ ಮೊಬೈಲ್ ಅಲಯನ್ಸ್ ರೂಪಿಸಿದ ಮೊದಲ ಡಿಆರ್‌ಎಂ ನಿಯಮಗಳಲ್ಲಿ ಫಾರ್ವರ್ಡ್ ಲಾಕ್ ಎಂಬುದೊಂದಿತ್ತು. ಇಳಿಸಿಕೊಂಡ ಫೋನಿನಲ್ಲಿ ಫೈಲ್ ನುಡಿಯುತ್ತದೆ, ಅಲ್ಲಿಂದ ಮುಂದಕ್ಕೆ ಹೋಗುವುದಿಲ್ಲ. ದುಡ್ಡು ಕೊಟ್ಟು ಇಳಿಸಿದ ರಿಂಗ್‌ಟೋನ್ ಬ್ಲೂಟೂತ್ ದಾಟದೆ ನಿಲ್ಲುತ್ತಿದ್ದದ್ದು ಇದರಿಂದಲೇ. ಅದೇ ಫೋನಿನ ಮೆಮೊರಿ ಕಾರ್ಡಿಗೆ ಮೊಬೈಲ್ ಅಂಗಡಿಯಲ್ಲಿ ಅಗ್ಗಕ್ಕೆ ತುಂಬಿಸಿಕೊಂಡ ನಕಲಿ ಹಾಡುಗಳು ಮಾತ್ರ ಸಲೀಸಾಗಿ ಕಾಲೇಜಿನ ಹತ್ತು ಫೋನು ಸುತ್ತಿ ಬರುತ್ತಿದ್ದವು. ನಿಯತ್ತಾಗಿ ಕಾಸು ಕೊಟ್ಟವನ ಕೈಯೇ ಕಟ್ಟಿಹಾಕಿದಂತಾಗಿತ್ತು.

ಬೀಗ ಕಳಚಿದ ವರ್ಷಗಳು

ಅತಿರೇಕಕ್ಕೆ ಹೋದದ್ದು ಸೋನಿ ಬಿಎಂಜಿ. 2005ರಲ್ಲಿ ಅದು ಅಮೆರಿಕದಲ್ಲಿ ಮಾರಿದ ಕೆಲವು ಸಂಗೀತದ ಸಿಡಿಗಳನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ ಎಕ್ಸ್‌ಸಿಪಿ ಎಂಬ ತಂತ್ರಾಂಶ ಸೇರಿಕೊಂಡು, ಮೂರಕ್ಕಿಂತ ಹೆಚ್ಚು ಪ್ರತಿ ಮಾಡಲು ಬಿಡುತ್ತಿರಲಿಲ್ಲ. ಅಷ್ಟೇ ಆಗಿದ್ದರೆ ಗೊಣಗಿ ಸುಮ್ಮನಾಗುತ್ತಿದ್ದರೇನೋ. ಅದು ಕಂಪ್ಯೂಟರಿನ ಆಳದಲ್ಲಿ ಅಡಗಿ ಕೂತು, ತನ್ನ ಫೈಲುಗಳು ಮಾಲೀಕನ ಕಣ್ಣಿಗೇ ಬೀಳದಂತೆ ಮರೆಮಾಡುತ್ತಿತ್ತು. ತಂತ್ರಜ್ಞ ಮಾರ್ಕ್ ರುಸ್ಸಿನೊವಿಚ್ ಅಕ್ಟೋಬರ್ 31ರಂದು ಇದನ್ನು ಬಯಲಿಗೆಳೆದರು. ಅದೇ ಮರೆಯನ್ನು ವೈರಸ್ ಬರೆಯುವವರೂ ಬಳಸತೊಡಗಿದರು. ಮೊಕದ್ದಮೆಗಳು ಬಿದ್ದವು, ಕಂಪನಿ ಸಿಡಿಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು.

2007ರ ಫೆಬ್ರುವರಿಯಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ಒಂದು ಬಹಿರಂಗ ಪತ್ರ ಬರೆದರು. ಅವರು ಮುಂದಿಟ್ಟ ಲೆಕ್ಕ ಸರಳ. ಅದರ ಹಿಂದಿನ ವರ್ಷ ಜಗತ್ತಿನಲ್ಲಿ ಬೀಗ ಹಾಕಿ ಮಾರಿದ ಹಾಡುಗಳು 200 ಕೋಟಿಗಿಂತ ಕಡಿಮೆ, ಬೀಗವೇ ಇಲ್ಲದ ಸಿಡಿಗಳಲ್ಲಿ ಮಾರಾಟವಾದ ಹಾಡುಗಳು 2,000 ಕೋಟಿಗಿಂತ ಹೆಚ್ಚು. ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಸಂಗೀತವನ್ನು ಕಂಪನಿಗಳೇ ಬೀಗವಿಲ್ಲದೆ ಮಾರುತ್ತಿರುವಾಗ ಅಂತರ್ಜಾಲದಲ್ಲಿ ಕೊಳ್ಳುವವನಿಗೆ ಮಾತ್ರ ಯಾಕೆ ಈ ಶಿಕ್ಷೆ ಎಂಬುದು ಅವರ ವಾದ. ಇದರಲ್ಲಿ ಆಪಲ್‌ನ ಸ್ವಾರ್ಥವೂ ಇತ್ತು. ಐಟ್ಯೂನ್ಸ್ ಹಾಡು ಬೇರೆ ಕಂಪನಿಯ ಪ್ಲೇಯರ್‌ನಲ್ಲಿ ನುಡಿಯುವುದಿಲ್ಲ ಎಂದು ಯುರೋಪಿನ ಗ್ರಾಹಕ ಸಂಸ್ಥೆಗಳು ಆಗ ಅದರ ಬೆನ್ನು ಹತ್ತಿದ್ದವು.

ದೊಡ್ಡ ಕಂಪನಿಗಳಲ್ಲಿ ಮೊದಲು ಮಣಿದದ್ದು ಇಎಂಐ. ಆ ವರ್ಷದ ಮೇ ತಿಂಗಳಲ್ಲಿ ಅದರ ಹಾಡುಗಳು ಬೀಗವಿಲ್ಲದೆ, ಇನ್ನೂ ಉತ್ತಮ ಗುಣಮಟ್ಟದಲ್ಲಿ, 1.29 ಡಾಲರ್‌ಗೆ ಐಟ್ಯೂನ್ಸ್‌ಗೆ ಬಂದವು. ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಬೀಗವಿಲ್ಲದ ಎಂಪಿ3ಗಳನ್ನೇ ಮಾರುವ ಮಳಿಗೆ ತೆರೆಯಿತು. 2009ರ ಜನವರಿಯಲ್ಲಿ ಆಪಲ್ ಕೂಡ ತನ್ನ 1 ಕೋಟಿ ಹಾಡುಗಳ ಬೀಗ ತೆಗೆಯುವುದಾಗಿ ಸಾರಿತು. ಹಳೆಯ ಗ್ರಾಹಕರು ಹಾಡೊಂದಕ್ಕೆ 30 ಸೆಂಟ್ ಕೊಟ್ಟು ತಮ್ಮದೇ ಹಾಡಿನ ಬೀಗ ಬಿಡಿಸಿಕೊಳ್ಳಬೇಕಾಯಿತು!

ಹೀಗಾಗಿ ಐಟ್ಯೂನ್ಸ್ ಮಳಿಗೆ 2012ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಬರುವಾಗ ಹಾಡುಗಳಿಗೆ ಬೀಗ ಇರಲೇ ಇಲ್ಲ. ಅದಕ್ಕೂ ಮೊದಲೇ, ಅದೇ ವರ್ಷದ ಫೆಬ್ರುವರಿಯಲ್ಲಿ, ಬೆಂಗಳೂರಿನ ಫ್ಲಿಪ್‌ಕಾರ್ಟ್ ತನ್ನ ಫ್ಲೈಟ್ ಮಳಿಗೆಯಲ್ಲಿ ಬೀಗವಿಲ್ಲದ ಎಂಪಿ3 ಮಾರತೊಡಗಿತ್ತು. ಆದರೆ ಹಾಡು ಪುಕ್ಕಟೆ ಸಿಗುವ ಊರಲ್ಲಿ ಕಾಸು ಕೊಟ್ಟು ಕೊಳ್ಳುವವರು ಸಾಕಷ್ಟು ಸಿಗಲಿಲ್ಲ. 2013ರ ಜೂನ್‌ನಲ್ಲಿ ಫ್ಲೈಟ್ ಬಾಗಿಲು ಹಾಕಿತು. ಕೊಂಡವರ ಎಂಪಿ3ಗಳು ಮಾತ್ರ ಇವತ್ತಿಗೂ ನುಡಿಯುತ್ತವೆ, ಏಕೆಂದರೆ ಅವಕ್ಕೆ ಯಾವ ಸರ್ವರಿನ ಅಪ್ಪಣೆಯೂ ಬೇಕಿಲ್ಲ.

ಕೈಯಲ್ಲಿರುವುದು ಯಾವ ಬಗೆಯ ಹಾಡು?

ಹಂಚುವ ಯೋಚನೆಗೆ ಮೊದಲು ಫೈಲಿನ ಜಾತಕ ನೋಡಬೇಕು. ಕಂಪ್ಯೂಟರಿನಲ್ಲಿ ಐಟ್ಯೂನ್ಸ್ ಅಥವಾ ಆಪಲ್‌ನ ಮ್ಯೂಸಿಕ್ ಆ್ಯಪ್ ಇದ್ದರೆ, ಹಾಡಿನ ಮೇಲೆ ಬಲ ಕ್ಲಿಕ್ ಮಾಡಿ ಗೆಟ್ ಇನ್ಫೋ ಆರಿಸಿ, ಫೈಲ್ ಎಂಬ ಪುಟ ತೆರೆದರೆ ಸಾಕು. ‘ಪ್ರೊಟೆಕ್ಟೆಡ್ ಎಎಸಿ’ ಎಂದಿದ್ದರೆ ಅದು 2009ಕ್ಕಿಂತ ಹಿಂದಿನ ಬೀಗದ ಹಾಡು. ‘ಪರ್ಚೇಸ್ಡ್ ಎಎಸಿ’ ಎಂದಿದ್ದರೆ ಕೊಂಡದ್ದು, ಬೀಗವಿಲ್ಲದ್ದು. ‘ಆಪಲ್ ಮ್ಯೂಸಿಕ್ ಎಎಸಿ’ ಎಂದಿದ್ದರೆ ಚಂದಾ ಇರುವಷ್ಟು ದಿನ ಮಾತ್ರ ಕೇಳಲು ಸಿಗುವ ಹಾಡು, ಅದಕ್ಕೆ ಈಗಲೂ ಫೇರ್‌ಪ್ಲೇ ಬೀಗವಿದೆ. ಎಂಪಿ3, ಎಫ್‌ಎಲ್‌ಎಸಿ ಫೈಲುಗಳಿಗೆ ಸಾಮಾನ್ಯವಾಗಿ ಯಾವ ಬೀಗವೂ ಇರುವುದಿಲ್ಲ.

ಅದೇ ಪುಟದಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಕೊಂಡವರ ಹೆಸರು, ಕೊಂಡ ದಿನಾಂಕ, ಖಾತೆಯ ಇಮೇಲ್ ವಿಳಾಸ! ಬೀಗವಿಲ್ಲದ ಮೊದಲ ಹಾಡುಗಳು 2007ರಲ್ಲಿ ಬಂದ ಒಂದೆರಡು ದಿನದಲ್ಲೇ ಜನ ಇದನ್ನು ಪತ್ತೆಹಚ್ಚಿದರು. ಹಾಡನ್ನು ತಡೆಯಲು ಇದರಿಂದ ಆಗದು. ಆದರೆ ಒಬ್ಬರಿಗೆಂದು ಕೊಟ್ಟ ಫೈಲ್ ಅವರ ಕೈಯಿಂದ ಇನ್ನೊಬ್ಬರಿಗೆ, ಅಲ್ಲಿಂದ ಯಾವುದೋ ಟೆಲಿಗ್ರಾಂ ಚಾನೆಲ್‌ಗೆ ಹೋದರೆ ಅದರ ಜೊತೆ ಮೊದಲು ಕೊಂಡವರ ಗುರುತೂ ಊರು ಸುತ್ತುತ್ತದೆ.

ಕಾನೂನು ಏನನ್ನುತ್ತದೆ?

ಭಾರತದ ಕೃತಿಸ್ವಾಮ್ಯ ಕಾಯ್ದೆ 1957ರದು. ಡಿಜಿಟಲ್ ಬೀಗದ ಮಾತು ಅದಕ್ಕೆ ಸೇರಿದ್ದು 2012ರ ತಿದ್ದುಪಡಿಯಲ್ಲಿ, 65ಎ ಸೆಕ್ಷನ್ನಾಗಿ. ಹಕ್ಕುಗಳನ್ನು ಕಾಪಾಡಲು ಹಾಕಿದ ತಾಂತ್ರಿಕ ತಡೆಯನ್ನು ಆ ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಇಲ್ಲಿ ಉದ್ದೇಶ ಎಂಬ ಮಾತಿಗೆ ತೂಕ ಹೆಚ್ಚು. ಅಮೆರಿಕದ 1998ರ ಕಾನೂನಿನಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬೀಗ ಮುರಿಯುವುದೇ ತಪ್ಪು. ಭಾರತದಲ್ಲಿ ಮುರಿದದ್ದು ಯಾಕೆ ಎಂದೂ ಕೇಳುತ್ತಾರೆ. ಕಾಯ್ದೆ ನಿಷೇಧಿಸದ ಕೆಲಸಕ್ಕೆ ಮುರಿದರೆ ಈ ಸೆಕ್ಷನ್ ಅಡ್ಡ ಬರುವುದಿಲ್ಲ.

ಹಾಗಾದರೆ ನಿಷೇಧಿಸಿರುವುದು ಏನನ್ನು? ಧ್ವನಿಮುದ್ರಣದ ಇನ್ನೊಂದು ಪ್ರತಿ ಮಾಡುವ ಹಕ್ಕು, ಎಲೆಕ್ಟ್ರಾನಿಕ್ ರೂಪದಲ್ಲಿ ಶೇಖರಿಸುವುದೂ ಸೇರಿ, ಅದರ ಒಡೆಯರದು. ಇದಕ್ಕೆ 52ನೇ ಸೆಕ್ಷನ್ನಿನಲ್ಲಿ ವಿನಾಯಿತಿಗಳಿವೆ. ಖಾಸಗಿ ಅಥವಾ ಸ್ವಂತ ಬಳಕೆಗಾಗಿ ಮಾಡುವ ನ್ಯಾಯಯುತ ಬಳಕೆ ಉಲ್ಲಂಘನೆಯಲ್ಲ. 2012ರ ತಿದ್ದುಪಡಿ ಈ ವಿನಾಯಿತಿಯನ್ನು ಧ್ವನಿಮುದ್ರಣಗಳಿಗೂ ವಿಸ್ತರಿಸಿತು. ಕೊಂಡ ಸಿಡಿಯನ್ನು ಸ್ವಂತ ಫೋನಿಗೆ ಇಳಿಸಿಕೊಂಡವರು ಈ ಆಸರೆಯಲ್ಲಿ ನಿಲ್ಲಬಹುದು. ಗೆಳೆಯನಿಗೆಂದು ಮಾಡಿದ ಪ್ರತಿ ಗೆಳೆಯನ ಬಳಕೆಗಾಯಿತು, ಕೊಂಡವರ ಸ್ವಂತ ಬಳಕೆಗಲ್ಲ. ಅಂಥ ಪ್ರತಿಗೆ ಕಾಯ್ದೆಯಲ್ಲಿ ಬೇರೆ ಅನುಮತಿ ಬರೆದಿಲ್ಲ. ಇನ್ನೂರು ಜನರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರಂತೂ ಖಾಸಗಿ ಎಂಬ ಮಾತು ನಿಲ್ಲುವುದು ಕಷ್ಟ. ಗೊತ್ತಿದ್ದೂ ಉಲ್ಲಂಘಿಸಿದರೆ 63ನೇ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಮೂರು ವರ್ಷ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಲಾಭಕ್ಕಾಗಿ, ವ್ಯಾಪಾರವಾಗಿ ಮಾಡಿದ್ದಲ್ಲವೆಂದು ಕಂಡರೆ ನ್ಯಾಯಾಲಯ ಕಾರಣ ಬರೆದು ಇದಕ್ಕಿಂತ ಕಡಿಮೆ ಶಿಕ್ಷೆ ಕೊಡಬಹುದು.

ಹಾಗೆಂದು ಕೊಂಡ ಸಿಡಿಯನ್ನೇ, ಕ್ಯಾಸೆಟ್ಟನ್ನೇ ಗೆಳೆಯನಿಗೆ ಕೊಟ್ಟುಬಿಟ್ಟರೆ ಯಾರೂ ಕೇಳುವುದಿಲ್ಲ. ಅಲ್ಲಿ ಹೊಸ ಪ್ರತಿ ಹುಟ್ಟುವುದಿಲ್ಲ, ವಸ್ತು ಕೈ ಬದಲಾಯಿಸುತ್ತದೆ ಅಷ್ಟೇ. ಫೈಲಿನ ವಿಷಯದಲ್ಲೂ ಹೀಗೇ ಆಗಬಾರದೇಕೆ ಎಂದು ಅಮೆರಿಕದ ರೆಡಿಜಿ ಕಂಪನಿ ಕೇಳಿತ್ತು. 2011ರಲ್ಲಿ ಅದು ಐಟ್ಯೂನ್ಸ್‌ನಲ್ಲಿ ಕೊಂಡ ಹಾಡುಗಳಿಗೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ತೆರೆಯಿತು. ಮಾರಿದವರ ಕಂಪ್ಯೂಟರಿನಿಂದ ಹಾಡು ಅಳಿಸಿಹೋಗಿ ಕೊಂಡವರ ಖಾತೆಗೆ ಬರುವ ಏರ್ಪಾಡು. ಕ್ಯಾಪಿಟಲ್ ರೆಕಾರ್ಡ್ಸ್ ಮೊಕದ್ದಮೆ ಹೂಡಿತು. 2013ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೂ 2018ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಒಂದೇ ಮಾತು ಹೇಳಿದವು: ಹಳೆಯದನ್ನು ಅಳಿಸಿದರೂ ಇನ್ನೊಂದು ಕಡೆ ಹುಟ್ಟಿದ್ದು ಹೊಸ ಪ್ರತಿಯೇ, ಅದಕ್ಕೆ ಅನುಮತಿ ಬೇಕು.

ಹಳೆಯ ಹಾಡುಗಳ ಬಗ್ಗೆಯೂ ಒಂದು ಎಚ್ಚರ ಬೇಕು. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ. ಆ ಲೆಕ್ಕದಲ್ಲಿ ಬೇಡರ ಕಣ್ಣಪ್ಪ ತೆರೆಕಂಡ 1954ರಲ್ಲಿ ಹೊರಬಂದ ಯಾವ ಗ್ರಾಮಫೋನ್ ತಟ್ಟೆಯ ಧ್ವನಿಮುದ್ರಣದ ಹಕ್ಕೂ 2014ರ ಕೊನೆಗೆ ಮುಗಿದಿದೆ. ಆದರೆ ಸಾಹಿತ್ಯಕ್ಕೂ ರಾಗಸಂಯೋಜನೆಗೂ ಬೇರೆ ಲೆಕ್ಕ. ಅವುಗಳ ಹಕ್ಕು ಬರೆದವರ, ಸಂಯೋಜಿಸಿದವರ ಮರಣಾನಂತರ 60 ವರ್ಷ ಉಳಿಯುತ್ತದೆ. ತಟ್ಟೆ ಹಳೆಯದಾದ ಮಾತ್ರಕ್ಕೆ ಹಾಡು ಪೂರ್ತಿ ಬಿಡುಗಡೆಯಾಗಿರುವುದಿಲ್ಲ.

ಚಂದಾ ಕಟ್ಟಿದವರ ಪಾಡು

ಈಗ ಹಾಡು ಕೊಳ್ಳುವವರು ವಿರಳ. ಸ್ಪಾಟಿಫೈ, ಜಿಯೋಸಾವನ್, ಯೂಟ್ಯೂಬ್ ಮ್ಯೂಸಿಕ್‌ಗಳಲ್ಲಿ ನಡೆಯುವುದು ಬಾಡಿಗೆ ಮನೆಯ ವ್ಯವಹಾರ, ತಿಂಗಳ ದುಡ್ಡು ನಿಂತರೆ ಮನೆ ಖಾಲಿ. ಆ್ಯಪ್‌ನಲ್ಲಿ ಡೌನ್‌ಲೋಡ್ ಎಂಬ ಗುಂಡಿ ಇದ್ದರೂ ಅದರಿಂದ ಬರುವುದು ಆ ಆ್ಯಪ್ ಮಾತ್ರ ಓದಬಲ್ಲ ಗೂಢಲಿಪಿಯ ತುಣುಕುಗಳು. ಸ್ಪಾಟಿಫೈ ಪ್ರೀಮಿಯಂನಲ್ಲಿ ಒಂದು ಖಾತೆಗೆ 5 ಸಾಧನ, ಒಂದೊಂದರಲ್ಲಿ 10 ಸಾವಿರ ಹಾಡುಗಳವರೆಗೆ ಇಳಿಸಿಡಬಹುದು. ಆದರೆ 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್ ಸಂಪರ್ಕಕ್ಕೆ ಬರಬೇಕು. ಚಂದಾ ಚಾಲ್ತಿಯಲ್ಲಿದೆಯೇ ಎಂದು ಕಂಪನಿ ನೋಡಿಕೊಳ್ಳುವುದು ಆಗಲೇ. ನೆಟ್‌ವರ್ಕ್ ಸಿಗದ ಊರಿಗೆ ವರ್ಗವಾಗಿ ಹೋಗುವವರು ಈ ಲೆಕ್ಕ ನೆನಪಿಡಬೇಕು.

ಪಾಸ್‌ವರ್ಡ್ ಹಂಚಿಕೊಂಡರೆ ಆಯಿತಲ್ಲ ಎನ್ನುವವರಿದ್ದಾರೆ. ಎಲ್ಲ ದೊಡ್ಡ ಸೇವೆಗಳೂ ಷರತ್ತುಗಳಲ್ಲಿ ಅದನ್ನು ಬೇಡವೆಂದಿವೆ. ಅಲ್ಲದೆ ಒಂದೇ ಖಾತೆಯಲ್ಲಿ ಇಬ್ಬರು ಒಮ್ಮೆಗೇ ಕೇಳಲು ಹೊರಟರೆ ಒಬ್ಬರ ಹಾಡು ನಿಲ್ಲುತ್ತದೆ. ಇದಕ್ಕೆಂದೇ ಫ್ಯಾಮಿಲಿ ಪ್ಲಾನ್ ಇದೆ. ಸ್ಪಾಟಿಫೈನಲ್ಲಿ 6 ಜನರವರೆಗೆ, ಎಲ್ಲರೂ ಒಂದೇ ವಿಳಾಸದಲ್ಲಿ ವಾಸಿಸಬೇಕು. ಆಪಲ್ ಮ್ಯೂಸಿಕ್‌ನಲ್ಲೂ 6 ಜನ. ಆಪಲ್‌ನ ಫ್ಯಾಮಿಲಿ ಶೇರಿಂಗ್‌ನಲ್ಲಿ ಒಬ್ಬರು ಕೊಂಡ ಹಾಡನ್ನು ಉಳಿದ ಐವರು ತಮ್ಮ ತಮ್ಮ ಖಾತೆಯಿಂದಲೇ ಇಳಿಸಿಕೊಳ್ಳಬಹುದು. ಕೊಂಡ ಹಾಡನ್ನು ಹಂಚಲು ಅಂಗಡಿಯೇ ಕೊಟ್ಟ ಅನುಮತಿ ಇದು, ಅನೇಕರಿಗೆ ಗೊತ್ತೇ ಇಲ್ಲ.

ಇದರಲ್ಲಿ ಹೊರದೇಶದ ಕನ್ನಡಿಗರಿಗೆ ಒಂದು ತೊಡಕಿದೆ. ಆಪಲ್ ಕುಟುಂಬದ ಸದಸ್ಯರೆಲ್ಲರ ಖಾತೆಗಳೂ ಒಂದೇ ದೇಶದ ಮಳಿಗೆಗೆ ಸೇರಿರಬೇಕು. ಮಗ ಡಲ್ಲಾಸ್‌ನಲ್ಲಿ, ಅಪ್ಪ ಅಮ್ಮ ಮೈಸೂರಿನಲ್ಲಿ ಇದ್ದರೆ ಮಗನ ಹಾಡುಗಳು ಅಮ್ಮನ ಫೋನಿಗೆ ಈ ದಾರಿಯಲ್ಲಿ ಬರುವುದಿಲ್ಲ. ಗಿಫ್ಟ್ ಕಾರ್ಡ್ ಕಥೆಯೂ ಅಷ್ಟೇ, ಅಮೆರಿಕದಲ್ಲಿ ಕೊಂಡ ಆಪಲ್ ಗಿಫ್ಟ್ ಕಾರ್ಡ್ ಭಾರತದ ಖಾತೆಯಲ್ಲಿ ನಡೆಯುವುದಿಲ್ಲ.

ಗೆಳೆಯರಿಗೆ ಹಾಡು ಮುಟ್ಟಿಸುವ ದಾರಿಗಳು

ಎಲ್ಲಕ್ಕಿಂತ ಸುಲಭ ಲಿಂಕ್ ಕಳಿಸುವುದು. ಫೈಲ್ ಬದಲು ಹಾಡಿನ ವಿಳಾಸ ಹೋಗುತ್ತದೆ, ಗೆಳೆಯ ತನ್ನ ಆ್ಯಪ್‌ನಲ್ಲಿ ಕೇಳುತ್ತಾನೆ. ಸ್ಪಾಟಿಫೈನ ಉಚಿತ ಖಾತೆ ಇದ್ದರೂ ಸಾಕು, ಜಾಹೀರಾತು ಸಹಿಸಿಕೊಳ್ಳಬೇಕು ಅಷ್ಟೇ. ನಾಲ್ಕಾರು ಗೆಳೆಯರು ಸೇರಿ ಒಂದೇ ಪಟ್ಟಿಗೆ ಹಾಡು ಸೇರಿಸುತ್ತಾ ಹೋಗುವ ಸೌಲಭ್ಯವೂ ಅದರಲ್ಲಿದೆ. ಒಬ್ಬರದು ಸ್ಪಾಟಿಫೈ, ಇನ್ನೊಬ್ಬರದು ಜಿಯೋಸಾವನ್ ಆಗಿದ್ದರೆ ಮಾತ್ರ ಲಿಂಕಿನಿಂದ ಕೆಲಸ ಆಗದು. ಆಗ ಹಾಡಿನ ಹೆಸರು, ಚಿತ್ರದ ಹೆಸರು ಟೈಪ್ ಮಾಡಿ ಕಳಿಸುವುದೇ ವಾಸಿ.

ದೂರದಲ್ಲಿದ್ದೂ ಜೊತೆಯಾಗಿ ಕೇಳಬೇಕೆನ್ನುವವರಿಗೆ ಸ್ಪಾಟಿಫೈನ ಜ್ಯಾಮ್, ಆಪಲ್‌ನ ಶೇರ್‌ಪ್ಲೇ ಇವೆ. ಒಂದೇ ಹಾಡು ಎಲ್ಲರ ಕಿವಿಯಲ್ಲೂ ಏಕಕಾಲಕ್ಕೆ ನುಡಿಯುತ್ತದೆ. ಜ್ಯಾಮ್ ಶುರುಮಾಡುವವರ ಬಳಿ ಪ್ರೀಮಿಯಂ ಚಂದಾ ಇರಬೇಕು. ಶೇರ್‌ಪ್ಲೇಯಲ್ಲಿ ಪ್ರತಿಯೊಬ್ಬರಿಗೂ ಆ ಹಾಡು ಕೇಳುವ ಸ್ವಂತ ಚಂದಾ ಇರಬೇಕಾಗುತ್ತದೆ.

ನಿಜವಾಗಿಯೂ ಕೊಡಬೇಕು, ಅದು ಗೆಳೆಯನ ಬಳಿ ಉಳಿಯಬೇಕು ಎನ್ನುವವರಿಗೆ ಉಡುಗೊರೆಯೇ ದಾರಿ. 2008ರಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಮಳಿಗೆಯಲ್ಲಿ ಸ್ವತಂತ್ರ ಕಲಾವಿದರು ತಮ್ಮ ಸಂಗೀತವನ್ನು ನೇರವಾಗಿ ಮಾರುತ್ತಾರೆ. ಅಲ್ಲಿ ಆಲ್ಬಂ ಕೊಳ್ಳುವಾಗಲೇ ‘ಉಡುಗೊರೆಯಾಗಿ ಕಳಿಸಿ’ ಎಂಬ ಆಯ್ಕೆ ಇದೆ. ಗೆಳೆಯನ ಇಮೇಲ್ ವಿಳಾಸ ಕೊಟ್ಟರೆ ಅವನಿಗೆ ಬೀಗವಿಲ್ಲದ ಎಂಪಿ3 ಅಥವಾ ಎಫ್‌ಎಲ್‌ಎಸಿ ಪ್ರತಿ ಸಿಗುತ್ತದೆ. ಕಲಾವಿದರಿಗೂ ಇನ್ನೊಂದು ಮಾರಾಟ ಆಗುತ್ತದೆ. ಬೀಗ ಇಲ್ಲ ಎಂದು ಒಂದೇ ಪ್ರತಿಯನ್ನು ಹತ್ತು ಜನಕ್ಕೆ ಕಳಿಸಿದರೆ ಕೈ ಹಿಡಿಯುವವರು ಯಾರೂ ಇಲ್ಲ ನಿಜ. ಆದರೆ ಅಲ್ಲಿನ ಕಲಾವಿದರಲ್ಲಿ ಅನೇಕರ ಹಿಂದೆ ದೊಡ್ಡ ಕಂಪನಿ ಇರುವುದಿಲ್ಲ, ಹತ್ತು ಪ್ರತಿಯ ದುಡ್ಡು ಅವರಿಗೆ ದೊಡ್ಡದೇ.

ಹಂಚಲಿ ಎಂದೇ ಬಿಟ್ಟಿರುವ ಸಂಗೀತವೂ ಉಂಟು. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವ ಹಾಡನ್ನು ಕಲಾವಿದರ ಹೆಸರು ಹೇಳಿ ಯಾರಿಗೆ ಬೇಕಾದರೂ ಕೊಡಬಹುದು. ಮಾರಾಟ ಕೂಡದು, ಬದಲಾಯಿಸಕೂಡದು ಎಂಬಂಥ ಷರತ್ತು ಇದ್ದರೆ ಪರವಾನಗಿಯಲ್ಲೇ ಬರೆದಿರುತ್ತದೆ. ಫ್ರೀ ಮ್ಯೂಸಿಕ್ ಆರ್ಕೈವ್, ಇಂಟರ್ನೆಟ್ ಆರ್ಕೈವ್‌ಗಳಲ್ಲಿ ಇಂಥವು ಸಿಗುತ್ತವೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಏರಿಸಬಹುದಾದ್ದರಿಂದ ಪರವಾನಗಿಯ ಸಾಲನ್ನು ಓದಿಯೇ ಮುಂದುವರಿಯಬೇಕು.

ಅಂಗಡಿ ಮುಚ್ಚಿದರೆ, ಖಾತೆದಾರರೇ ಇಲ್ಲವಾದರೆ

ಬೀಗದ ಹಾಡಿನ ಆಯುಷ್ಯ ಕೀ ಇಟ್ಟುಕೊಂಡಿರುವ ಸರ್ವರಿನ ಆಯುಷ್ಯದಷ್ಟೇ. ಎಂಎಸ್‌ಎನ್ ಮ್ಯೂಸಿಕ್‌ನಲ್ಲಿ ಹಾಡು ಕೊಂಡವರಿಗೆ 2008ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್‌ನಿಂದ ಒಂದು ಇಮೇಲ್ ಬಂತು. ಆಗಸ್ಟ್ 31ರ ನಂತರ ಕೀ ಕೊಡುವ ಸರ್ವರ್ ಇರುವುದಿಲ್ಲ, ಆಮೇಲೆ ಹೊಸ ಕಂಪ್ಯೂಟರ್ ಕೊಂಡರೆ ಹಾಡುಗಳು ಅದರಲ್ಲಿ ನುಡಿಯುವುದಿಲ್ಲ ಎಂದು! ಜನ ಸಿಟ್ಟಾದ ಮೇಲೆ ಗಡುವನ್ನು 2011ರ ಕೊನೆಯವರೆಗೆ ಮುಂದೂಡಿದರು. ಅದೇ ವರ್ಷ ಯಾಹೂ ಕೂಡ ತನ್ನ ಮಳಿಗೆ ಮುಚ್ಚಿತು. ಗಲಾಟೆಯಾದ ಮೇಲೆ ಗ್ರಾಹಕರಿಗೆ ಪರಿಹಾರ ಕೊಡಲು ಒಪ್ಪಿತು.

ಬೀಗವಿಲ್ಲದ ಹಾಡು ಮಾರಿದವರೂ ಶಾಶ್ವತವಲ್ಲ. ಗೂಗಲ್ ಪ್ಲೇ ಮ್ಯೂಸಿಕ್ 2016ರಲ್ಲಿ ಭಾರತದಲ್ಲಿ ಹಾಡು ಮಾರಲು ಶುರುಮಾಡಿ 2020ರಲ್ಲಿ ನಿಂತುಹೋಯಿತು. ಕೊಂಡ ಹಾಡುಗಳನ್ನು ಇಳಿಸಿಕೊಳ್ಳಲು ಅಥವಾ ಯೂಟ್ಯೂಬ್ ಮ್ಯೂಸಿಕ್‌ಗೆ ಸಾಗಿಸಲು ಸಮಯ ಕೊಟ್ಟು, 2021ರ ಫೆಬ್ರುವರಿ 24ರ ನಂತರ ಉಳಿದದ್ದನ್ನು ಅಳಿಸಿಹಾಕುವುದಾಗಿ ಗೂಗಲ್ ತಿಳಿಸಿತು. ಇಮೇಲ್ ನೋಡದವರ ಹಾಡುಗಳು ಹೋದವು. ಆದ್ದರಿಂದ ಕೊಂಡ ದಿನವೇ ಫೈಲನ್ನು ಇಳಿಸಿ, ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇಡುವುದು ಜಾಣತನ. 2012ರ ಸುತ್ತಮುತ್ತ ಅಥವಾ ಆಮೇಲೆ ಭಾರತದಲ್ಲಿ ಕೊಂಡವರಿಗೆ ಇದು ಹತ್ತು ನಿಮಿಷದ ಕೆಲಸ.

ಅಮೆರಿಕ, ಯುರೋಪುಗಳಲ್ಲಿ 2003ರಿಂದ 2009ರ ನಡುವೆ ಐಟ್ಯೂನ್ಸ್‌ನಲ್ಲಿ ಕೊಂಡವರ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಎಂ4ಪಿ ಫೈಲುಗಳು ಇನ್ನೂ ಇರಬಹುದು. ಅವರು ಮೊದಲು ಖಾತೆಯ ಪರ್ಚೇಸ್ಡ್ ಪಟ್ಟಿಗೆ ಹೋಗಿ ಅದೇ ಹಾಡನ್ನು ಮತ್ತೆ ಇಳಿಸಿ ನೋಡಬೇಕು. ಹಾಡು ಈಗಲೂ ಮಾರಾಟದಲ್ಲಿದ್ದರೆ ಎಷ್ಟೋ ಸಲ ಬೀಗವಿಲ್ಲದ ಪ್ರತಿ ಬರುತ್ತದೆ. ಬಾರದಿದ್ದರೆ ಐಟ್ಯೂನ್ಸ್ ಅನುಮತಿಸುವ ಹಾಗೆ ಆಡಿಯೋ ಸಿಡಿಗೆ ಬರೆದು, ಆ ಸಿಡಿಯಿಂದ ಮತ್ತೆ ಕಂಪ್ಯೂಟರಿಗೆ ಇಳಿಸಬಹುದು. ಎರಡು ಸಲ ಕುಗ್ಗಿಸಿದ ಹಾಡಾದ್ದರಿಂದ ಗುಣಮಟ್ಟ ಸ್ವಲ್ಪ ಇಳಿಯುತ್ತದೆ.

ಹಳೆಯ ಕಂಪ್ಯೂಟರ್ ಮಾರುವ, ಫಾರ್ಮ್ಯಾಟ್ ಮಾಡುವ ಮೊದಲು ಅದರ ನೋಂದಣಿ ರದ್ದುಮಾಡುವುದನ್ನು ಮರೆಯಬಾರದು. ಇಲ್ಲದಿದ್ದರೆ 5 ಕಂಪ್ಯೂಟರುಗಳ ಲೆಕ್ಕದಲ್ಲಿ ಗುಜರಿಗೆ ಹೋದದ್ದೂ ಒಂದು ಜಾಗ ಹಿಡಿದು ಕೂತಿರುತ್ತದೆ. ಎಲ್ಲವನ್ನೂ ಒಟ್ಟಿಗೆ ರದ್ದುಮಾಡುವ ಗುಂಡಿ ಖಾತೆಯ ಪುಟದಲ್ಲಿದೆ, ಆದರೆ ಅದನ್ನು ವರ್ಷಕ್ಕೆ ಒಮ್ಮೆ ಮಾತ್ರ ಒತ್ತಬಹುದು.

ಖಾತೆದಾರರು ತೀರಿಕೊಂಡ ಮೇಲಿನ ಪ್ರಶ್ನೆಯೂ ಇದೆ. 2021ರಿಂದ ಐಫೋನ್‌ನಲ್ಲಿ ಲೆಗಸಿ ಕಾಂಟ್ಯಾಕ್ಟ್ ಎಂಬ ಸೌಲಭ್ಯ ಬಂದಿದೆ. ತಮ್ಮ ನಂತರ ಖಾತೆಯನ್ನು ತೆರೆಯಬಹುದಾದವರ ಹೆಸರನ್ನು ಅಲ್ಲಿ ಮೊದಲೇ ಬರೆದಿಡಬಹುದು. ಅವರಿಗೆ ಫೋಟೋ, ಸಂದೇಶ, ಟಿಪ್ಪಣಿಗಳೆಲ್ಲ ಸಿಗುತ್ತವೆ. ಕೊಂಡ ಹಾಡು, ಸಿನಿಮಾ, ಪುಸ್ತಕಗಳು ಆ ಪಟ್ಟಿಯಲ್ಲಿಲ್ಲ. ಜೀವನವಿಡೀ ಕೊಂಡ ಹಾಡುಗಳು ಮಕ್ಕಳಿಗೆ ಉಳಿಯಬೇಕೆಂದಿದ್ದರೆ ಬೀಗವಿಲ್ಲದ ಪ್ರತಿಗಳನ್ನು ಈಗಲೇ ಒಂದು ಹಾರ್ಡ್ ಡಿಸ್ಕಿಗೆ ಇಳಿಸಿ, ಅದು ಯಾವ ಕಪಾಟಿನಲ್ಲಿದೆ ಎಂದು ಮನೆಯವರಿಗೆ ಹೇಳಿಡಬೇಕು.